ಬಿಚ್ಚಿಟ್ಟ ಎಂಟು ತಾಟಿನ ಕೌದಿ

ಗುರುವಾರ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ಮಸಗುಪ್ಪಿಯ ಕಾಶೆವ್ವ ಕಟ್ಟೆಯ ಮೇಲೆ ಬಂದು ಕೂತಿದ್ದಳು. ಮೂಡಲಗಿಯ ನನ್ನ ಝೆರಾಕ್ಸ್ ಅಂಗಡಿಗೆ ಬರುವವರಲ್ಲಿ ಕೆಲವರಿಗೆ ಝೆರಾಕ್ಸ್ ಬೇಕಿರುವುದಿಲ್ಲ, ಮಹಡಿಯ ಮೇಲಿರುವ ಅನ್ನಪೂರ್ಣಾ ಅಕ್ಕ ಬೇಕಿರುತ್ತಾರೆ. ಅವರು ಹುಕ್ಕೇರಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಠಾಣೆಗೆ ಒಯ್ಯಲಾಗದ ತಕರಾರುಗಳನ್ನು ಜನ ಅವರ ಹತ್ತಿರ ತರುತ್ತಿದ್ದರು. ಜೊತೆಗೆ ತಿರುಗುವುದು, ಕಂಡದ್ದನ್ನು ಬರೆದಿಡುವುದು ನನ್ನ ಪಾಲಿನ ಕೆಲಸ.

ಕಾಶೆವ್ವ ಮೇಲೆ ಬಂದು ಗಂಟು ಬಿಚ್ಚಿದಳು. ಒಳಗೆ ಬಣ್ಣಬಣ್ಣದ ಬಟ್ಟೆಯ ತುಂಡುಗಳಿದ್ದವು. ಅರಭಾವಿಯ ಒಂದು ಶಿಶುವಿಹಾರದಲ್ಲಿ ಮಕ್ಕಳು ಊಟಕ್ಕೆ ಕೂತಾಗ ತಾಟಿನ ಕೆಳಗೆ ಹಾಸಲು ಇಪ್ಪತ್ನಾಲ್ಕು ಪುಟ್ಟ ಕೌದಿಗಳನ್ನು ಅವಳಿಂದ ಹೊಲಿಸುತ್ತಿದ್ದರು. ಮೇಲೆ ತೇಪೆ ಜೋಡಿಸಿದ ಬಟ್ಟೆ, ನಡುವೆ ಹಳೆಯ ಸೀರೆ, ಕೆಳಗೆ ಗಟ್ಟಿ ಬಟ್ಟೆ, ಮೂರೂ ಪದರ ಹಿಡಿಯುವಂತೆ ಸಾಲುಸಾಲು ಕೈಹೊಲಿಗೆ. ಶನಿವಾರ ಮುಟ್ಟಿಸಬೇಕಿತ್ತು. ಮಂಗಳವಾರ ಮಧ್ಯಾಹ್ನ ನಾಲ್ಕು ಕೌದಿಗಳ ಹೊಲಿಗೆಯನ್ನು ಯಾರೋ ಪೂರ್ತಿ ಬಿಚ್ಚಿದ್ದರು. ಬುಧವಾರ ಮತ್ತೆ ನಾಲ್ಕು.

"ನನ್ನ ಸೊಸಿದ ಕೆಲಸರಿ ಇದು," ಎಂದಳು ಕಾಶೆವ್ವ. "ಅಕಿ ತವರೂರು ದಡ್ಡಿಗೆ ಫೋನ್ ಮಾಡಿ ಅವರಪ್ಪಗ ಹೇಳೇನಿ, ರವಿವಾರ ಬಂದು ಕರಕೊಂಡ ಹೋಗರಿ ಅಂತ. ನೀವು ಬಂದು ಒಮ್ಮಿ ಖಾತ್ರಿ ಮಾಡರಿ, ಸಾಕು."

ಅಕ್ಕನವರಿಗೆ ಇಂಥ ಮಾತು ಕಂಡರೆ ಆಗುತ್ತಿರಲಿಲ್ಲ. ಮೊದಲು ತೀರ್ಪು ಕೊಟ್ಟು ಆಮೇಲೆ ತನಿಖೆ ಕೇಳುತ್ತಾಳೆ ಎಂದು ನನ್ನ ಹತ್ತಿರ ಗೊಣಗಿಕೊಂಡೇ ಚಪ್ಪಲಿ ಮೆಟ್ಟಿದರು.

ಮಸಗುಪ್ಪಿಯ ಆ ಮನೆಯಲ್ಲಿ ಆಗ ಮೂವರೇ ಹೆಂಗಸರಿದ್ದರು. ಕಾಶೆವ್ವ, ಮದುವೆಯಾಗಿ ಒಂದು ವರ್ಷವಾದ ಸೊಸೆ ಕಾಜಲ್, ಮತ್ತು ಕಾಶೆವ್ವನ ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ ಅಲ್ಲವ್ವ. ಎಪ್ಪತ್ತು ದಾಟಿದ ಅಲ್ಲವ್ವನೇ ಊರಿನ ಅರ್ಧ ಹೆಂಗಸರಿಗೆ ಕೌದಿ ಹೊಲಿಯುವುದನ್ನು ಕಲಿಸಿದವಳು. ಈಗ ಕಣ್ಣಿಗೆ ಪೊರೆ ಬಂದು, ಯಾರಾದರೂ ದಾರ ಪೋಣಿಸಿಕೊಟ್ಟರೆ ಬೆರಳಿನಿಂದ ಸಾಲು ಹಿಡಿದು ಹೊಲಿಯುತ್ತಿದ್ದಳು.

ಕಾಜಲ್ ಮೇಲಿನ ಸಂಶಯಕ್ಕೆ ಕಾರಣಗಳಿದ್ದವು. ಎರಡೂ ದಿನ ಅತ್ತೆ ಸೊಸೆ ಹೊಲಕ್ಕೆ ಹೋಗುವಾಗ ಹೊರಗಿನಿಂದ ಕೀಲಿ ಹಾಕಿದ್ದರು. ಒಳಗೆ ಅಲ್ಲವ್ವ ಮಲಗಿದ್ದಳು. ಅಡುಗೆಗೆಂದು ಕಾಜಲ್ ಒಂದು ತಾಸು ಮೊದಲೇ ಹಿಂದಿರುಗಿದ್ದಳು. ಕೈಹೊಲಿಗೆ ಬೇಡ, ಮಷೀನಿನಲ್ಲಿ ಎರಡೇ ದಿನದಲ್ಲಿ ಮುಗಿಸೋಣ ಎಂದು ಜಗಳವನ್ನೂ ಆಡಿದ್ದಳು. ಮೇಲಾಗಿ ಬಿಚ್ಚಿದ ಎಂಟೂ ಕೌದಿಗಳು ಅಲ್ಲವ್ವ ಹೊಲಿದಂಥವು. ಸೂಜಿಯ ಡಬ್ಬಿಯಲ್ಲಿ ಏಳು ಇರಬೇಕಾದಲ್ಲಿ ಆರೇ ಇದ್ದವು. ಕಾಶೆವ್ವ ಅದನ್ನೂ ಸೊಸೆಯ ತಲೆಗೇ ಕಟ್ಟಿದಳು.

"ಬಿಚ್ಚೋದಿದ್ರ ನಾನ್ಯಾಕ ಕದ್ದು ಬಿಚ್ಚಲಿ," ಎಂದಳು ಕಾಜಲ್. ಅತ್ತು ಅತ್ತು ಅವಳ ಕಣ್ಣು ಬಾತಿತ್ತು. "ಎದುರಿಗೇ ಜಗಳ ಆಡಾಕ ನನಗ ಬಾಯಿ ಐತಿ."

ಅಲ್ಲವ್ವನೂ ಹುಡುಗಿಯ ಪರ ನಿಂತಳು. ಅವಳಲ್ಲ, ಅವಳನ್ನು ಬಿಡಿ ಎಂದು ಎರಡು ಮೂರು ಸಲ ಹೇಳಿದಳು. ಯಾರೆಂದು ಕೇಳಿದರೆ ಸೆರಗಿನ ತುದಿಯನ್ನು ತಿರುವಿದಳು. ಅಷ್ಟರಲ್ಲಿ ಹೊಲಿದಿಟ್ಟಿದ್ದ ಕೌದಿಗಳಲ್ಲಿ ಒಂದನ್ನು ನಾನು ಎತ್ತಿ, ಮೆತ್ತಗಿದೆಯಲ್ಲ ಎಂದು ಎರಡೂ ಅಂಗೈಯಲ್ಲಿ ಒತ್ತಿದೆ.

"ಒತ್ತಿ ಹಿಡೀಬ್ಯಾಡವ್ವಾ ರಾಧಿಕಾ," ಎಂದಳು ಅಲ್ಲವ್ವ.

ಹೊಲಿಗೆ ಕೆಟ್ಟೀತೆಂದು ಹೇಳುತ್ತಿದ್ದಾಳೆ ಅಂದುಕೊಂಡು ಕೆಳಗಿಟ್ಟೆ. ಅಕ್ಕ ಬಿಚ್ಚಿದ ತುಂಡುಗಳನ್ನು ನೋಡುತ್ತಿದ್ದರು. ಬಟ್ಟೆಗೆ ಎಲ್ಲೂ ಕತ್ತರಿಯ ಏಟು ಬಿದ್ದಿರಲಿಲ್ಲ. ಮೂರು ಪದರಗಳನ್ನೂ ಅಚ್ಚುಕಟ್ಟಾಗಿ ಮಡಚಿ ಜೋಡಿಸಿದ್ದರು, ಆದರೆ ಹಸಿರು ಮೇಲ್ಪದರಕ್ಕೆ ಕೆಂಪು ಕೌದಿಯ ಅಡಿಬಟ್ಟೆ ಸೇರಿತ್ತು. ಉಳಿದ ಹದಿನಾರನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿಸಿದರು. ನಾವು ಹೊರಡುವಾಗ ಅಲ್ಲವ್ವ ಟ್ರಂಕನ್ನು ಒಮ್ಮೆ ತೆಗೆಯಿರಿ, ಎಣಿಸಬೇಕು ಎಂದು ಕೇಳಿದಳು. ಕಾಶೆವ್ವ ಆಗಲೇ ಎಣಿಸಿದ್ದೇನೆಂದು ಗದರಿದಳು.

ಹೊರಗಿನವರೂ ಒಬ್ಬರಿದ್ದರು. ಅದೇ ಕೆಲಸಕ್ಕೆ ಆಸೆಪಟ್ಟಿದ್ದ ಹಿಂದಿನ ಓಣಿಯ ಭರಮವ್ವ. ಅವಳ ಹಿತ್ತಲಿನಿಂದ ಕಾಶೆವ್ವನ ಹಿತ್ತಲಿಗೆ ಇಳಿಯಬಹುದಿತ್ತು. ಅವಳು ಗೋಕಾಕಿನಲ್ಲಿದ್ದಾಳೆಂದು ತಿಳಿದು ನಾವು ಬಿಸಿಲಲ್ಲಿ ಎರಡು ಬಸ್ ಬದಲಿಸಿ ಅಲ್ಲಿಗೆ ಹೋದೆವು. ಆಕೆ ಮಗಳ ಬಾಣಂತನಕ್ಕೆಂದು ಹಿಂದಿನ ಶನಿವಾರವೇ ಬಂದಿದ್ದಳು, ಮನೆ ಬಿಟ್ಟು ಕದಲಿರಲಿಲ್ಲ. ಅಕ್ಕಪಕ್ಕದವರೆಲ್ಲ ಅದನ್ನೇ ಹೇಳಿದರು. ಇಡೀ ದಿನ ಹಾಳಾಯಿತು. ಬರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನನ್ನ ಕಾಲು ಯಾರೋ ತುಳಿದರು. ಕಾಜಲಳ ಅಪ್ಪ ರವಿವಾರ ಬರುತ್ತಾನೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾನು ಸಿಡುಕಿದೆ. ಅರಭಾವಿ ದಾಟಿದ ಮೇಲೆ ಅಕ್ಕ ಒಮ್ಮೆಲೇ ನನ್ನ ಕಡೆ ತಿರುಗಿದರು.

"ಅಲ್ಲವ್ವ ನಿನಗ ಏನಂದ್ಲು? ಒತ್ತಿ ಹಿಡೀಬ್ಯಾಡ ಅಂದ್ಲಲ್ಲ?"

ಹೌದು ಎಂದೆ. ಅವರು ಹಣೆಗೆ ಕೈ ಹಚ್ಚಿಕೊಂಡು, ಮುಂಜಾನೆಯೇ ಆ ಮಾತು ಕಿವಿಗೆ ಬಿದ್ದಿತ್ತು, ತನಗೆ ಬುದ್ಧಿ ಇರಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಮೂಡಲಗಿಯಲ್ಲಿ ಇಳಿದ ಕೂಡಲೇ ರೇಡಿಯೋ ರಿಪೇರಿಯವನ ಹತ್ತಿರ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಇಸಿದುಕೊಳ್ಳಲು ನನಗೆ ಹೇಳಿದರು. ಯಾಕೆಂದು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದರು. ಟ್ರಂಕು ತೆರೆಸಿ ಕೌದಿಗಳನ್ನು ತಮ್ಮ ಮುಂದೆ ಇಟ್ಟುಕೊಂಡು ಮಾತು ಶುರು ಮಾಡಿದರು.

ಕೆಡಿಸುವ ಸಿಟ್ಟಿದ್ದವರು ಬ್ಲೇಡಿನಿಂದ ಸೀಳುತ್ತಾರೆ, ಇಲ್ಲವೇ ಒಲೆಗೆ ಹಾಕುತ್ತಾರೆ. ಇಲ್ಲಿ ಒಂದೊಂದೇ ಹೊಲಿಗೆಯನ್ನು ಬಿಡಿಸಿ ಬಟ್ಟೆಯನ್ನು ಕಾಪಾಡಿದ್ದಾರೆ ಎಂದರು. ಹಾಗಾದರೆ ಬಿಚ್ಚಿದವರು ಕೆಡಿಸುತ್ತಿರಲಿಲ್ಲ, ಪದರಗಳ ನಡುವೆ ಏನನ್ನೋ ಹುಡುಕುತ್ತಿದ್ದರು. ಒಂದು ತಾಸಿನಲ್ಲಿ ಅಡುಗೆಯನ್ನೂ ಮಾಡಿ ನಾಲ್ಕು ಕೌದಿ ಬಿಚ್ಚಲು ಕಾಜಲಳಿಂದ ಆಗದು. ಮಧ್ಯಾಹ್ನವೆಲ್ಲ ಪುರುಸೊತ್ತಿದ್ದವರು ಬೇಕು. ಹಸಿರಿಗೆ ಕೆಂಪು ಸೇರಿಸಿ ಮಡಚಿದವರಿಗೆ ಬಣ್ಣ ಕಾಣುತ್ತಿರಲಿಲ್ಲ.

"ಆರ ಸೂಜಿ ಇದ್ದು. ಏಳನೇದು ಎಲ್ಲಿ ಹೋತು ಅಂತ ನಾವ ಯಾರೂ ಕೇಳಲಿಲ್ಲ," ಎಂದರು ಅಕ್ಕ. "ನಿನ್ನೆ ರಾಧಿಕಾಗ ಒತ್ತಿ ಹಿಡೀಬ್ಯಾಡ ಅಂದ್ರಿ. ಸೂಜಿ ಎಲ್ಲಾ ಡಬ್ಬ್ಯಾಗ ಇದ್ರ, ಕೌದಿ ಒತ್ತಿದ್ರ ಚುಚ್ಚೂದ ಏನು? ತಾನ ಹೊಲದದ್ದನ್ನ ತಾನ ಯಾರ ಬಿಚ್ಚತಾರ ಅಂದುಕೊಂಡು ನಿಮ್ಮ ಕಡೆ ನೋಡಲೇ ಇಲ್ಲ ನಾನು. ಅದ ನನ್ನ ತಪ್ಪು. ಅಲ್ಲವ್ವಾರ, ಸೂಜಿ ಯಾವತ್ತ ಮುರೀತು?"

ಅಲ್ಲವ್ವ ಸೆರಗಿನ ತುದಿಯ ಗಂಟನ್ನು ಬಿಚ್ಚಿ, ಕಣ್ಣಿರುವ ಅರ್ಧ ಸೂಜಿಯನ್ನು ಅಂಗೈಯಲ್ಲಿ ಹಿಡಿದಳು.

"ಸೋಮವಾರ. ಮುರದದ್ದು ತಿಳಿಯೂದರೊಳಗ ಆ ಕೌದಿ ಉಳದವುದರಾಗ ಕೂಡಿಬಿಟ್ಟಿತ್ತು, ಯಾವುದಂತ ತಿಳೀಲಿಲ್ಲ. ದಾರದ ಜೋಡಿ ಇಷ್ಟ ಕೈಗೆ ಬಂತು," ಎಂದಳು. "ದೀಪಾವಳ್ಯಾಗ ಹಾಸಿಗ್ಯಾಗ ಸೂಜಿ ಬಿಟ್ಟಾಗ ಕಾಶೆವ್ವ ಅಂದಿದ್ಲು, ಇನ್ನೊಮ್ಮಿ ಹಿಂಗಾದ್ರ ನಿನ್ನ ಕೈಗೆ ಸೂಜಿ ಕೊಡೂದಿಲ್ಲ ಅಂತ. ಸೂಜಿ ಇಲ್ದ ಇಡೀ ದಿನಾ ಏನ ಮಾಡ್ಲಿ ನಾನು? ಸಣ್ಣ ಹುಡುಗೂರ ಕೈಗೆ ಹೋಗೂದಕ್ಕಿಂತ ಮೊದಲ ತಗದ ಬಿಡೂನು ಅಂತ ಬಿಚ್ಚಿದೆ. ನನ್ನವು ಎಂಟೂ ಬಿಚ್ಚಿದೆ. ಸಿಗಲಿಲ್ಲ."

ಅಕ್ಕ ನನ್ನಿಂದ ಮ್ಯಾಗ್ನೆಟ್ ಇಸಿದುಕೊಂಡು ಬಿಚ್ಚಿದ ತುಂಡುಗಳ ಮೇಲೆ ಆಡಿಸಿದರು. ಏನೂ ಇಲ್ಲ. ಹೊಲಿದ ಕೌದಿಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಹನ್ನೊಂದನೆಯದು ಮ್ಯಾಗ್ನೆಟ್ಟಿಗೆ ಅಂಟಿಕೊಂಡು ನೆಲದಿಂದ ಮೇಲೆದ್ದಿತು. ಅಂಚಿನ ಸಾಲಿನ ಹತ್ತಿರ ಒಂದು ಬೆರಳಗಲ ಬಿಚ್ಚಿದಾಗ ಮುರಿದ ಮೊನೆ ಹೊರಬಂತು.

ಆ ಕೌದಿ ಕಾಜಲ್ ಹೊಲಿದದ್ದು. ಅಲ್ಲವ್ವ ಎಂಟನ್ನು ಬಿಚ್ಚಿದರೂ ಸಿಗದಿದ್ದದ್ದು ಅದಕ್ಕೇ. ಸೋಮವಾರ ತಾನು ಒಲೆ ಹೊತ್ತಿಸಲು ಎದ್ದಾಗ ಕೊನೆಯ ಎರಡು ಸಾಲನ್ನು ದೊಡ್ಡತ್ತೆ ಹಾಕಿದ್ದಳೆಂದು ಕಾಜಲ್‌ಗೆ ಆಗ ನೆನಪಾಯಿತು. ಅಲ್ಲವ್ವನಿಗೆ ಅದು ಪೂರ್ತಿ ಮರೆತಿತ್ತು.

"ನನ್ನ ಸಲುವಾಗಿ ನಿನ್ನ ಮ್ಯಾಲೆ ಬಂತು," ಎಂದು ಅಲ್ಲವ್ವ ಕಾಜಲಳ ಕೈಗಾಗಿ ತಡವಿದಳು. "ಹೇಳೂನು ಅಂತ ದಿನಾ ಅಂದುಕೊಳ್ತಿದ್ದೆ. ಬಾಯಿ ಬರಲಿಲ್ಲ."

ಕಾಜಲ್ ಕೈ ಹಿಡಿದಳು, ಆದರೆ ಅವಳ ಮುಖ ಸಡಿಲಾಗಲಿಲ್ಲ. ಕಾಶೆವ್ವ ಎದ್ದು ಎಲ್ಲರಿಗೂ ಚಹಾ ಇಡುತ್ತೇನೆಂದಳು. ಬಿಚ್ಚಿದ ಎಂಟನ್ನು ಈಗ ಮಷೀನಿನಲ್ಲೇ ಹೊಲಿದರಾಯಿತು, ಅಲ್ಲವ್ವನ ಕಣ್ಣನ್ನೂ ಮುಂದಿನ ವಾರ ಗೋಕಾಕಿನಲ್ಲಿ ತೋರಿಸಿದರಾಯಿತು ಎಂದು ಒಲೆಯ ಕಡೆ ಹೊರಟಳು.

"ಚಹಾ ಆಮ್ಯಾಲೆ ಅತ್ತಿ," ಎಂದಳು ಕಾಜಲ್. "ನಮ್ಮಪ್ಪಗ ಫೋನ್ ಮಾಡಿ ನಿಮ್ಮ ಮಗಳದ ಕೆಲಸ ಅಂತ ಹೇಳಿದ್ರಿ. ಈಗ ಹೇಳರಿ."

ಕಾಶೆವ್ವ ಬಾಗಿಲಲ್ಲೇ ನಿಂತಳು. ಸಂಜೆ ಮಾಡಿದರಾಯಿತು, ಈಗ ಅವರು ಹೊಲದಲ್ಲಿರುತ್ತಾರೆ ಎಂದಳು. ಕಾಜಲ್ ತನ್ನ ಫೋನಿನಲ್ಲಿ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಅತ್ತೆಯ ಮುಂದೆ ಹಿಡಿದಳು. ದಡ್ಡಿಯಿಂದ ಗಂಡಸಿನ ಗಾಬರಿಯ ದನಿ ಹಲೋ ಎಂದಿತು. ಮಗಳಿಗೆ ಏನಾಯಿತೆಂದು ಕೇಳಿತು.

ಕಾಶೆವ್ವ ನಮ್ಮನ್ನು ನೋಡಿದಳು, ಅಲ್ಲವ್ವನನ್ನು ನೋಡಿದಳು. ನಂತರ ತಲೆಯ ಮೇಲೆ ಸೆರಗು ಎಳೆದುಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಬೀಗರ, ನಾನು ಕಾಶೆವ್ವ," ಎಂದಳು. "ನಿಮ್ಮ ಮಗಳದು ಏನೂ ತಪ್ಪಿಲ್ಲರಿ. ತಪ್ಪು ನಂದು."