ಹಳದಿ ಬಲ್ಬು ತೆಗೆದವರು ಯಾರು?

ಕಾರು ನಿಂತ ಮೇಲೂ ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಮುಂದಿನ ಎಡ ಚಕ್ರ ಮೋರಿಯ ಅಂಚು ದಾಟಿ ಗಾಳಿಯಲ್ಲಿ ನಿಂತಿತ್ತು. ಕೆಳಗೆ ಕಣಿವೆ. ಬಾಗಿಲು ತೆರೆದು ತೆವಳಿಕೊಂಡೇ ಹೊರಬಂದೆ. ತಿರುಗಿ ನೋಡಿದೆ—ದೀಪಗಳು ಬಿಳಿಯಾಗಿದ್ದವು!

ಮಂಜಿನ ದಾರಿಗೆಂದೇ ಹಾಕಿಸಿದ್ದು ಹಳದಿ ಬಲ್ಬು. ಮನೆಯಿಂದ ಹೊರಟಾಗ ಬೆಳಕು ಹರಿದಿತ್ತು, ದೀಪ ಬೇಕಿರಲಿಲ್ಲ. ಗುಡ್ಡದ ತಿರುವಿನಲ್ಲಿ ಮಂಜು ಮುಸುಕಿದಾಗ ಹಾಕಿದೆ. ಬೆಳಕೆಲ್ಲ ಮಂಜಿಗೆ ಬಡಿದು ನನ್ನ ಕಣ್ಣಿಗೇ ವಾಪಸು ಬಂತು. ರಸ್ತೆಯೇ ಅಳಿಸಿಹೋಯಿತು.

ಮಧ್ಯಾಹ್ನ ಕಾರನ್ನು ಗ್ಯಾರೇಜಿಗೆ ಎಳೆತಂದರು. ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಕಾರಿನ ಬಿಡಿಭಾಗದ ಅಂಗಡಿ ಮುಚ್ಚಿ ಬಂದರು. ಹಳದಿ ಬಲ್ಬು ಕೊಟ್ಟವರು ಅವರೇ. ಗಂಡ ಗಡಿಯಾರ ರಿಪೇರಿ ಅಂಗಡಿಯಿಂದ ಓಡಿಬಂದಿದ್ದರು. ಕೆಲಸಕ್ಕೆಂದು ಬೆರಳ ತುದಿಗಳಿಗೆ ತೊಟ್ಟ ರಬ್ಬರ್ ಟೊಪ್ಪಿ ಕೂಡ ತೆಗೆದಿರಲಿಲ್ಲ. ಅವರ ತಮ್ಮ, ನನ್ನ ಮೈದುನ, ಹಿಂದೆಯೇ ಬಂದ.

“ಈ ಕಾರಿಗೆ ಯಾರ್ಯಾರು ಕೈ ಹಾಕಿದ್ರಿ?” ಅತ್ತಿಗೆ ಕೇಳಿದರು.

“ಹೋದ ವಾರ ಆಯಿಲ್ ಬದಲಾಯಿಸ್ದೆ, ಅಷ್ಟೇ. ದೀಪದ ತಂಟೆಗೇ ಹೋಗಿಲ್ಲಮ್ಮ,” ಎಂದ ಮೆಕ್ಯಾನಿಕ್.

ಅತ್ತಿಗೆ ಮೈದುನನತ್ತ ತಿರುಗಿದರು. “ನೀನು? ನಿನ್ನೆ ಸಂಜೆ ಕಾರು ಒಯ್ದಿದ್ಯಲ್ಲ?”

ಮೈದುನ ಬೆಚ್ಚಿದ. “ಒಯ್ದಿದ್ದೆ ಅಕ್ಕ. ಆದ್ರೆ ನಂಗೆ ಮನೆ ಬಲ್ಬು ಹಾಕೋಕೇ ಬರಲ್ಲ!”

“ಬರಲ್ಲ ಅನ್ನೋದನ್ನೂ ಎಷ್ಟು ಜಂಬದಿಂದ ಹೇಳ್ತಾನೆ ನೋಡು,” ಎಂದರು ಅತ್ತಿಗೆ.

“ಯಾರಾದ್ರೇನು?” ಗಂಡ ನನ್ನ ಬೆನ್ನು ಸವರಿದರು. “ಜೀವ ಉಳೀತಲ್ಲ. ಇನ್ನು ಆ ಕೆಲಸ ಸಾಕು. ಮೂರು ತಿಂಗಳಿಂದ ಬಡ್ಕೋತಾ ಇದೀನಿ.”

ನನ್ನದು ಗುಡ್ಡದಾಚೆಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ. ಹದಿನೆಂಟು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕಿದ್ದು. ಬಿಟ್ಟುಬಿಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಮ್ಮೆ ಆ ತಿರುವೇ?

ಅತ್ತಿಗೆ ಬಿಳಿ ಬಲ್ಬನ್ನು ಬಿಚ್ಚಿ, ಬಟ್ಟೆಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ಎರಡನೆಯದನ್ನೂ.

“ಗಾಜಿಗೆ ಬರಿಗೈ ತಾಗಿದ್ರೆ ಬೆರಳಿನ ಜಿಡ್ಡು ಕಾವಿಗೆ ಸುಟ್ಟು ಕಲೆ ಬೀಳುತ್ತೆ. ಗೊತ್ತಿಲ್ಲದೋರು ಮೊದಲು ಹಿಡಿಯೋದೇ ಗಾಜನ್ನ. ಇಲ್ಲಿ ಕಲೆ ಇಲ್ಲ. ಇದು ಚಿಕ್ಕೋನ ಕೆಲಸ ಅಲ್ಲ.”

ಮೈದುನ ಉಸಿರು ಬಿಟ್ಟ.

“ಮೆಕ್ಯಾನಿಕ್ ಗಾಜು ಮುಟ್ಟಲ್ಲ, ಬುಡದ ತಗಡು ಹಿಡೀತಾನೆ. ಆದ್ರೆ ಇವನು ಮುಟ್ಟಿದ್ದಕ್ಕೆಲ್ಲ ಗ್ರೀಸು—ನಮ್ಮನೆ ಟೀ ಲೋಟಕ್ಕೂ! ಈ ತಗಡು ಹೊಸದರ ಹಾಗೆ ಹೊಳೀತಿದೆ. ಗಾಜಿನ ಮೇಲೂ ಇಲ್ಲ, ತಗಡಿನ ಮೇಲೂ ಇಲ್ಲ, ಒಂದು ಬೆರಳಚ್ಚೂ ಇಲ್ಲ. ಬೆರಳಿಗೆ ರಬ್ಬರ್ ಹಾಕದೆ ಸಣ್ಣ ಸಾಮಾನು ಮುಟ್ಟದೋನು ಇಲ್ಲಿ ಒಬ್ಬನೇ.” ಅವರು ನನ್ನ ಗಂಡನತ್ತ ತಿರುಗಿದರು. “ಅಲ್ವೇನೋ ತಮ್ಮ?”

ಗಂಡ ಕೈಗಳನ್ನು ಜೇಬಿಗೆ ತೂರಿಸಿದರು. “ಹೆದರ್ಲಿ ಅಂತ... ಹೆದರಿ ಕೆಲಸ ಬಿಡ್ಲಿ ಅಂತ, ಅಷ್ಟೇ...”

“ಬ್ರೇಕ್ ಹಿಡೀದೇ ಇದ್ದಿದ್ರೆ?” ನಾನು ಕೇಳಿದೆ.

ಮೋರಿಯ ಅಂಚಿನಲ್ಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಸಂಜೆ ಇವರ ಜೊತೆ ಅದೇ ಮನೆಗೆ ಹೋಗಬೇಕೆ?

“ಇವತ್ತು ನನ್ನ ಜೊತೆ ಬಾ,” ಎಂದರು ಅತ್ತಿಗೆ. ಚೀಲದಿಂದ ಹೊಸ ಹಳದಿ ಬಲ್ಬು ತೆಗೆದು ಮೆಕ್ಯಾನಿಕ್‌ನನ್ನು ಕರೆದರು.

“ಬೇಡ ಅತ್ತಿಗೆ. ಹೇಗೆ ಅಂತ ಹೇಳಿ, ನಾನೇ ಹಾಕ್ತೀನಿ.”

ಎರಡು ಸಲ ಬಲ್ಬು ಸರಿಯಾಗಿ ಕೂರಲಿಲ್ಲ. ಗಂಡ ಒಂದು ಹೆಜ್ಜೆ ಮುಂದೆ ಬಂದರು.

“ಅಲ್ಲೇ ನಿಂತ್ಕೊಳ್ಳಿ,” ಎಂದೆ. ಮೂರನೆಯ ಸಲ ಕೂತಿತು.