ಬಣ್ಣ ಬಿಟ್ಟ ನೀಲಿ ಬಟ್ಟೆ

ಒಂದೈದು ನಿಮಿಷ ಕೂತು ಇವಳ ಕಥೆ ಪೂರ್ತಿ ಕೇಳಿ. ಮಧ್ಯದಲ್ಲೇ ಅವನನ್ನು ಬೈಯಬೇಡಿ, ಪ್ಲೀಸ್!

"ಸಾರ್, ಕೈ ಕೊಡಿ."

ಅವತ್ತೇ ಮೊದಲ ಸಲ ಅಪ್ಪನ ಬಟ್ಟೆ ಮಿಲ್ಲಿಗೆ ಕಾಲಿಟ್ಟಿದ್ದ ಚಿಕ್ಕ ಸಾಹುಕಾರ ಕೈಕುಲುಕಲು ಮುಂದಾದ. ಅವಳು ಅವನ ಹೊಸ ನೀಲಿ ಷರ್ಟಿನ ತೋಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಳು. ಬಿಳಿ ಬಟ್ಟೆ ನೀಲಿಯಾಯಿತು!

"ನಮ್ಮ ಮಿಲ್ಲಿಂದೇ ಬಟ್ಟೆ. ಬಣ್ಣ ಬಿಡ್ತಿದೆ. ಫೇಲ್."

"ಷರ್ಟಾ, ನಾನಾ?"

ಇಡೀ ಚೆಕಿಂಗ್ ವಿಭಾಗ ಗೊಳ್ಳೆಂದು ನಕ್ಕಿತು. ಬಟ್ಟೆ ಪರೀಕ್ಷಿಸುವ ಅವಳಿಗೆ ಅಲ್ಲಿ 'ಫೇಲ್ ಮೇಡಂ' ಅಂತಲೇ ಹೆಸರು. ಅವಳ ಕೆನ್ನೆ ಮಾತ್ರ ಯಾಕೋ ಬಿಸಿಯಾಯಿತು...

ಆಮೇಲೆ ಕೆಲಸ ಕಲಿಯುವ ನೆಪದಲ್ಲಿ ಅವನು ದಿನಾ ಅವಳ ಟೇಬಲ್ಲಿಗೆ ಬಂದ. ಅವಳು ದಿನಾ ಬಾಗಿಲು ನೋಡತೊಡಗಿದಳು.

ಆ ನೀಲಿ ಬಟ್ಟೆ ಸರ್ಕಾರಿ ಶಾಲೆಗಳ ಸಮವಸ್ತ್ರಕ್ಕೆ. ಆರ್ಡರ್ ಕೊಡಿಸಿದ್ದು ಮಂತ್ರಿಯಾಗಿದ್ದ ಅವನ ಸೋದರಮಾವ. ಆದರೆ ಅವಳ ಪಾಸ್ ಸೀಲು ಬೀಳದೆ ಒಂದು ರೋಲೂ ಗೇಟು ದಾಟುವಂತಿರಲಿಲ್ಲ.

"ಒತ್ತಮ್ಮಾ ಸೀಲು! ಮಂತ್ರಿಗಳು ನಮ್ಮೋರೇ. ಕೇಳೋರ್ಯಾರು?" ಮಿಲ್ಲು ನಡೆಸುವ ಅವನ ಅಣ್ಣ ಮೂರು ಸಲ ಬಂದು ಹೇಳಿದ.

"ಒಗೆಯೋ ಅಮ್ಮಂದಿರು ಕೇಳ್ತಾರೆ ಸಾರ್."

ಮರುದಿನ ಬೆಳಗ್ಗೆ ಡ್ರಾಯರ್‌ನಲ್ಲಿ ಸೀಲೇ ಇಲ್ಲ! ಗೋಡೌನಿಗೆ ಓಡಿದರೆ, ನೀಲಿ ರೋಲು ತುಂಬಿದ ಲಾರಿ ಹೊರಡುತ್ತಿದೆ. ಎಲ್ಲದರ ಮೇಲೂ 'ಪಾಸ್', ಕೆಳಗೆ ಅವಳ ಸೀಲಿನ ನಂಬರು. ನಿನ್ನೆ ಆ ಡ್ರಾಯರ್ ಪಕ್ಕ ಕೂತಿದ್ದವನು ಚಿಕ್ಕ ಸಾಹುಕಾರನೊಬ್ಬನೇ...

ಅವನು ಅಲ್ಲೇ ನಿಂತಿದ್ದ.

"ನನ್ನ ಸೀಲ್ ನೀವು ತಗೊಂಡ್ರಾ?"

"ಹೌದು, ಆದ್ರೆ..."

"ಸಾಕು! ಇದಕ್ಕೇ ಅಲ್ವಾ ನನ್ನ ಹಿಂದೆ ಸುತ್ತಿದ್ದು?"

ಅವನು ಲಾರಿಯ ಕಡೆ ತಿರುಗಿದ. ರೋಲುಗಳ ಮೇಲಿನ ಸೀಲು ನೋಡಿ ಮುಖ ಬಿಳಿಚಿಕೊಂಡಿತು. ಮಾತು ಮುಗಿಸದೆ ಲಾರಿಯ ಹಿಂದೆ ಓಡಿದ.

ತಪ್ಪು ಮಾಡದವರು ಯಾಕೆ ಓಡ್ತಾರೆ? ಅವಳು ರಾಜೀನಾಮೆ ಬರೆದಳು, ಹರಿದಳು, ಮತ್ತೆ ಬರೆದಳು. ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. 'ನನ್ನ ನಂಬರಿರೋ ಬಟ್ಟೆ... ಮಕ್ಕಳ ಮೈಮೇಲೆ... ಅಯ್ಯೋ!'

ಮಧ್ಯಾಹ್ನ ಲಾರಿ ವಾಪಸ್ ಬಂತು. ಡ್ರೈವರ್ ಪಕ್ಕದಿಂದ ಅವನು ಇಳಿದ, ಬೆವರಲ್ಲಿ ತೊಯ್ದು ತೊಪ್ಪೆಯಾಗಿ.

"ಅಣ್ಣ ನಿಮ್ಮ ಸೀಲ್ ಕದ್ದುಬಿಡ್ತಾನೆ ಅಂತ ನಾನೇ ತೆಗೆದು ಬಚ್ಚಿಟ್ಟೆ. ಅವನು ಹೊಸದೇ ಮಾಡಿಸ್ಬಿಟ್ಟ! ಲಾರಿ ತಡೆದು ಹತ್ತಿ, ಬಟ್ಟೆ ಬಣ್ಣ ಬಿಡುತ್ತೆ ಅಂತ ಮಾವಂಗೆ ಫೋನಲ್ಲಿ ಹೇಳ್ದೆ. ಎಲೆಕ್ಷನ್ ಹತ್ರ ಬಂತಲ್ಲ, ಹೆದರಿ ಆರ್ಡರೇ ರದ್ದು ಮಾಡಿದ್ರು. ಅಪ್ಪ... ಇನ್ನು ಮನೆಗೆ ಕಾಲಿಡಬೇಡ ಅಂದ್ರು."

"ನನಗೊಂದು ಮಾತು ಹೇಳ್ಬಾರದಿತ್ತಾ? ಅದು ನನ್ನ ಸೀಲು!"

"ಹೇಳ್ಬೇಕಿತ್ತು. ತಪ್ಪಾಯ್ತು... ನಿಮ್ಮನ್ನ ಪ್ರೀತಿಸ್ತೀನಿ ಅಂತಾನೂ ಹೇಳ್ಬೇಕಿತ್ತು."

ಅವಳ ಕಣ್ಣು ತುಂಬಿತು. ಕೋಪ ಮಾತ್ರ ಇನ್ನೂ ಹಾಗೇ ಇತ್ತು.

"ಊಟ ಆಯ್ತಾ?"

"ಇಲ್ಲ."

"ನಂದೂ ಇಲ್ಲ. ಬನ್ನಿ. ಜಗಳ ಆಮೇಲೆ ಆಡೋಣ. ಒಂದಿನಕ್ಕೆ ಮುಗಿಯೋ ಜಗಳ ಅಲ್ಲ ಇದು... ಜೀವನ ಪೂರ್ತಿ ಬೇಕಾಗುತ್ತೆ."

"ನಾನು ರೆಡಿ!"

ಕೇಳದೆ ಸೀಲು ತೆಗೆದವನನ್ನು ಅವಳು ಕ್ಷಮಿಸಿಬಿಟ್ಟಳು. ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?