ಅಪ್ಪನ ಜೀಪಿನ ಮೊದಲ ಕಿಡಿ

"ಬಾ ಜಿಷ್ಣು. ಈ ಸಲ ಯಾರ ಕೈ ಮುರಿಯೋಕೆ ಬಂದೆ?"

ಕೇಳಿದವಳು ಅಮೃತಾ. ಅವನು ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಬಂದು ಅವಳ ಅಪ್ಪನ ಜೀಪಿಗೆ ಕೈಮುಗಿದ.

ಎರಡು ವರ್ಷದ ಮೇಲೆ ಕಂಡ ಮುಖ! ಎಷ್ಟು ಸೊರಗಿದ್ದಾನೆ... ಕರಗಬೇಡ ಮನಸ್ಸೇ, ಎಂದು ತನ್ನನ್ನೇ ಗದರಿಕೊಂಡಳು.

ಎರಡು ವರ್ಷದ ಹಿಂದೆ ಅಪ್ಪ ಶಿವಮಲ್ಲಪ್ಪ ಮತ್ತು ಅವರನ್ನು ಮಲಯಾಳದಲ್ಲಿ 'ಆಶಾನ್', ಗುರು, ಎಂದು ಕರೆಯುತ್ತಿದ್ದ ಶಿಷ್ಯ ಜಿಷ್ಣು ಇದೇ ಎಂಜಿನ್ ಜೋಡಿಸಿದ್ದರು. ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಹೊಂದಿಸಿದವನು ಜಿಷ್ಣು. ಎಂಜಿನ್ ಚಾಲೂ ಮಾಡಲು ಜೀಪಿನ ಮುಂದಿನ ಹ್ಯಾಂಡಲ್ ತಿರುಗಿಸಿದವರು ಅಪ್ಪ. ಕಿಡಿ ಹೊತ್ತಿಗೆ ಮುಂಚೆಯೇ ಹಾರಿತು. ಹ್ಯಾಂಡಲ್ ಹಿಂದಕ್ಕೆ ಒದ್ದು ಅಪ್ಪನ ಕೈ ಮುರಿಯಿತು.

"ನನ್ನ ಅಂಗಳ ತುಳೀಬೇಡ" ಎಂದರು ಅಪ್ಪ. ಅವನು ಹೋದ. ಹೋದ ವರ್ಷ ಅಪ್ಪ ಎದೆನೋವಿನಲ್ಲಿ ಲಿಂಗೈಕ್ಯರಾದರು. ಶಿವನ ಇಚ್ಛೆಯನ್ನು ಯಾರು ಬಲ್ಲರು?

ತುಕ್ಕು ಹಿಡಿದ ಎಂಜಿನ್ನನ್ನು ಪುಲ್ಪಳ್ಳಿಯ ಮೆಕ್ಯಾನಿಕ್ ಬಿನು ಹೊಸದಾಗಿ ಜೋಡಿಸಿಕೊಟ್ಟಿದ್ದ. "ಈ ಹಳೇ ಪೆಟ್ರೋಲ್ ಎಂಜಿನ್ನಿಗೆ ಟೈಮಿಂಗ್ ಇಡೋದು ನನ್ನಿಂದಾಗಲ್ಲ. ಜಿಷ್ಣೂನೇ ಕರೆಸಿ" ಎಂದಿದ್ದ. ಬೇರೆ ದಾರಿಯಿಲ್ಲದೆ ಅಮೃತಾ ಕರೆಸಿದ್ದಳು.

"ಮೊದಲನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿಡು. ಗಾಳಿ ತಳ್ಳಿದಾಗ ಹೇಳು" ಎಂದು ಜಿಷ್ಣು ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದ.

"ತಳ್ತು!"

ಎಂಜಿನ್ ಚಕ್ರದ ಗುರುತನ್ನು ಎದುರಿನ ಗುರುತಿಗೆ ಕೂಡಿಸಿದ. ಒಂದು ಸಣ್ಣ ಬಲ್ಬಿಗೆ ತಂತಿ ಸೇರಿಸಿದ. "ಈ ದೀಪ ಆರೋ ಕ್ಷಣಾನೇ ಕಿಡಿ ಹಾರೋ ಕ್ಷಣ" ಎಂದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ದೀಪ ಆರುವ ಅಂಚಿಗೆ ತಂದು ನಿಲ್ಲಿಸಿದ. ಬೋಲ್ಟ್ ಬಿಗಿಯಲು ಸ್ಪ್ಯಾನರ್ ತರಲು ಬ್ಯಾಗಿನತ್ತ ಹೋದ.

ಅಷ್ಟರಲ್ಲಿ ಅಮೃತಾ, ಎಂಜಿನ್ ಚಾಲೂ ಮಾಡುವ ಮುನ್ನ ಯಾವಾಗಲೂ ಮಾಡುವಂತೆ, ವಿಭೂತಿ ಹಚ್ಚಲೆಂದು ಸೆರಗಿನಿಂದ ಡಿಸ್ಟ್ರಿಬ್ಯೂಟರ್ ಒರೆಸಿದಳು.

ಅದು ತುಸು ಜರುಗಿತು. ದೀಪ ಆರಿತು.

ಅವಳ ಕೈ ಅಲ್ಲೇ ನಿಂತಿತು. ಅಂದೂ ಹೀಗೆಯೇ... ಪೂಜೆಗೆಂದು ಇದನ್ನೇ ಒರೆಸಿದ್ದೆ!

"ಜಿಷ್ಣು... ಅವತ್ತು ಇದನ್ನ ತಿರುಗಿಸಿದ್ದು ನಾನು. ಅಲ್ವಾ?"

ಅವನು ತಲೆ ತಗ್ಗಿಸಿದ.

"ನಿಂಗೆ ಗೊತ್ತಿತ್ತು!"

"ಆಶಾನ್ ಬಿದ್ದ ಮೇಲೆ ನೋಡ್ದೆ. ಅದರ ಮೇಲೆ ಹಸಿ ವಿಭೂತಿ ಇತ್ತು. ಬೋಲ್ಟ್ ಬಿಗಿ ಮಾಡದೆ ಬಿಟ್ಟವನು ನಾನೇ ತಾನೇ? ಸಾರಂ ಇಲ್ಲ, ಪರವಾಗಿಲ್ಲ ಬಿಡು."

"ಸಾರಂ ಇಲ್ವಾ? ಅಪ್ಪ ನಿನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ರು ಕಣೋ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅನ್ನ ಬಿಡ್ತಿದ್ದೆ. ನನ್ನ ಬೈಕೊಂಡು ಊಟನಾದ್ರೂ ಮಾಡ್ತೀಯ ಅಂತ..." ಅವನು ಸ್ಪ್ಯಾನರನ್ನು ಕೈಯಲ್ಲಿ ಹೊರಳಿಸಿದ. "ಇಷ್ಟಪಟ್ಟವಳ ಮೇಲೆ ಅಂಥ ಮಾತು ಹೇಗೆ ಹೊರಿಸಲಿ?"

ಅವಳು ಜೀಪಿನ ಅಂಚಿಗೆ ಹಣೆಯಿಟ್ಟು ಅತ್ತಳು. ತಪ್ಪಾಯ್ತು ಎನ್ನಲು ಅಪ್ಪನಿಲ್ಲ. ಆ ಬಾಗಿಲು ಇನ್ನೆಂದೂ ತೆರೆಯದು.

ಅವನು ದೀಪವನ್ನು ಮತ್ತೆ ಅಂಚಿಗೆ ತಂದು ಬೋಲ್ಟ್ ಬಿಗಿ ಮಾಡಿದ. ಪ್ಲಗ್ಗುಗಳನ್ನು ಕೂರಿಸಿ, ತಂತಿಗಳನ್ನು ಜೋಡಿಸಿ, ಕೀಲಿ ತಿರುಗಿಸಿ ಹ್ಯಾಂಡಲಿಗೆ ಕೈ ಚಾಚಿದ.

"ಕೊಡು. ನಾನು ತಿರುಗಿಸ್ತೀನಿ."

"ಬೇಡ ಅಮೃತಾ! ಒದ್ದರೆ..."

"ನೀನು ಇಟ್ಟ ಟೈಮಿಂಗ್ ಒದೆಯಲ್ಲ."

ಅವನು ಅವಳ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೆ ಸರಿಸಿದ. "ಸುತ್ತಿ ಹಿಡೀಬೇಡ. ಮೇಲಕ್ಕೆ ಎಳಿ."

ಎಳೆದಳು. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಎಳೆದಳು... ಗುಡುಗುಡು ಸದ್ದು ಶೆಡ್ಡು ತುಂಬಿತು!

ನಗಬೇಕೆಂದರೂ ನಗು ಬರಲಿಲ್ಲ. ಅಪ್ಪ ಕೇಳಬೇಕಿದ್ದ ಸದ್ದು.

"ಒಳಗೆ ಬಾ. ತಪ್ಪು ನಂದೇ ಅಂತ ಅಮ್ಮನಿಗೆ ಈಗಲೇ ಹೇಳ್ತೀನಿ."

"ಬೈತಾರೆ ಅಮೃತಾ."

"ಬೈಲಿ. ಎರಡು ವರ್ಷ ನೀನೊಬ್ಬನೇ ಬೈಸ್ಕೊಂಡೆ. ಇವತ್ತು ನನ್ನ ಪಕ್ಕ ನಿಂತ್ಕೋತೀಯಾ?"

"ಇವತ್ತು ಮಾತ್ರಾನಾ?"

ಅವಳು ಎಣ್ಣೆ ಮೆತ್ತಿದ ಅವನ ಕೈ ಹಿಡಿದಳು. "ಇಲ್ಲ ಕಣೋ... ದಿನಾ."